ಬಿಯರಿಗೂ ಒಂದು ಕಷಾಯದ ಕಾಲ

ನಮ್ಮ ದೇಶದ ಯಾವ ಊರಿನ ಬಾರಿಗೆ ಹೋದರೂ ಬಿಯರ್ ಬಗ್ಗೆ ಕೇಳುವ ಮೊದಲ ಪ್ರಶ್ನೆ ರುಚಿಯದ್ದಲ್ಲ, ‘ಚಿಲ್ಡ್ ಇದೆಯಾ?’ ಎಂಬುದು. ನಾನು ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಇಲ್ಲೂ ಅದೇ ಪ್ರಶ್ನೆ, ಭಾಷೆ ಮಾತ್ರ ಬೇರೆ. ಬಾಟಲಿ ಮುಟ್ಟಿ ನೋಡಿ, ಸಾಕಷ್ಟು ತಣ್ಣಗಿಲ್ಲವೆಂದು ವಾಪಸ್ ಕಳಿಸುವವರನ್ನು ಕಂಡಿದ್ದೇನೆ. ಹೀಗಿರುವಾಗ ಬಿಯರನ್ನು ಪಾತ್ರೆಗೆ ಸುರಿದು, ಒಲೆಯ ಮೇಲಿಟ್ಟು, ಹಬೆಯಾಡುತ್ತಿರುವಾಗಲೇ ಕುಡಿಯುವವರೂ ಇದ್ದಾರೆ ಎಂದರೆ ನಿಮಗೆ ನಗು ಬರಬಹುದು. ಕಳೆದ ಡಿಸೆಂಬರಿನಲ್ಲಿ ಬೆಲ್ಜಿಯಂನಲ್ಲಿ ನಾನು ಕುಡಿದದ್ದು ಅಂಥದ್ದನ್ನೇ.

ಕಂಪನಿಯ ಕೆಲಸಕ್ಕೆಂದು ಮೂರು ವಾರ ಘೆಂಟ್ ನಗರದಲ್ಲಿದ್ದೆ. ಸಂಜೆ ಐದಕ್ಕೆಲ್ಲ ಕತ್ತಲು. ಹಿಮ ಬೀಳದಿದ್ದರೂ ಮೂಳೆಗಿಳಿಯುವ ತೇವದ ಚಳಿ. ಒಂದು ಭಾನುವಾರ ಅಲ್ಲಿನ ಸಹೋದ್ಯೋಗಿಯೊಬ್ಬರು ತಮ್ಮ ತಂದೆ ತಾಯಿಯ ಮನೆಗೆ ಊಟಕ್ಕೆ ಕರೆದೊಯ್ದರು. ಅವರ ಊರು ಔದೆನಾರ್ಡೆ, ಘೆಂಟ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಶೆಲ್ಡ್ ನದಿಯ ದಡದಲ್ಲಿದೆ. ಹಿಂದೊಮ್ಮೆ ಗೋಡೆಗೆ ತೂಗುಹಾಕುವ ಚಿತ್ರನೇಯ್ಗೆಯ ಬಟ್ಟೆಗಳಿಗೆ ಹೆಸರಾಗಿದ್ದ ಊರು. ಈಗ ಸೈಕಲ್ ರೇಸು ಮತ್ತು ಬಿಯರಿನಿಂದ ಜನ ಅದನ್ನು ನೆನೆಯುತ್ತಾರೆ.

ಅಲ್ಲಿನ ಲೀಫ್‌ಮನ್ಸ್ ಬ್ರೂವರಿಯ ಇತಿಹಾಸ 1679ರಿಂದ ಶುರುವಾಗುತ್ತದೆ. ಕಾರ್ಯದರ್ಶಿಯಾಗಿ ಕೆಲಸಕ್ಕೆ ಸೇರಿದ್ದ ರೋಸ್ ಎಂಬ ಮಹಿಳೆ, ಮಾಲೀಕರು ತೀರಿಕೊಂಡ ಮೇಲೆ 1970ರ ದಶಕದಲ್ಲಿ ಇಡೀ ಬ್ರೂವರಿಯನ್ನೇ ನಡೆಸಿದರು. ‘ಮದಾಮ್ ರೋಸ್’ ಎಂದರೆ ಬೆಲ್ಜಿಯಂನ ಬಿಯರ್ ಪ್ರಿಯರಿಗೆ ಇಂದಿಗೂ ಗೌರವ. 2008ರಲ್ಲಿ ಬ್ರೂವರಿ ಡುವೆಲ್ ಕಂಪನಿಯ ಕೈಗೆ ಹೋಯಿತು. ಆದರೆ ಬಿಯರ್ ಹುದುಗುವುದು ಈಗಲೂ ಔದೆನಾರ್ಡೆಯ ತೆರೆದ ತೊಟ್ಟಿಗಳಲ್ಲೇ.

ಅವರ ಚಳಿಗಾಲದ ಬಿಯರಿನ ಹೆಸರು ಗ್ಲೂಕ್ರೀಕ್. ‘ಕ್ರೀಕ್’ ಎಂದರೆ ಅಲ್ಲಿನ ಭಾಷೆಯಲ್ಲಿ ಹುಳಿ ಚೆರಿ ಹಣ್ಣು. ‘ಗ್ಲೂ’ ಜರ್ಮನರ ಬಿಸಿ ವೈನಿನ ಹೆಸರಿನಿಂದ ಬಂದದ್ದು. ಚೆರಿ ಬೆರೆತ ಬಿಯರಿಗೆ ದಾಲ್ಚಿನ್ನಿ, ಲವಂಗ, ಸೋಂಪಿನ ಜಾತಿಯ ಅನಿಸ್ ಸೇರುತ್ತವೆ. ಕುಡಿಯಬೇಕಾದ ಬಿಸಿ ಸುಮಾರು 70 ಡಿಗ್ರಿ.

ಊಟಕ್ಕೆ ಮುಂಚೆ ಸಹೋದ್ಯೋಗಿಯ ತಾಯಿ ಅದನ್ನು ಸಣ್ಣ ಉರಿಯಲ್ಲಿಟ್ಟು ಪಕ್ಕದಲ್ಲೇ ನಿಂತರು. ಸ್ವಲ್ಪ ಬಿಸಿಯಾದದ್ದೇ ತಡ, ಬಿಯರಿನೊಳಗಿದ್ದ ಅನಿಲವೆಲ್ಲ ಹೊರಟು ನೊರೆ ಅಂಚಿನವರೆಗೆ ಬಂತು. ಹಾಲು ಉಕ್ಕಿದಾಗ ನಮ್ಮ ಮನೆಗಳಲ್ಲಿ ಮಾಡುವಂತೆಯೇ ಪಾತ್ರೆಯನ್ನು ಎತ್ತಿ ಹಿಡಿದರು, ಮತ್ತೆ ಇಟ್ಟರು. ಕುದಿಸುವ ಹಾಗಿಲ್ಲ. ಶುದ್ಧ ಮದ್ಯಸಾರ ಕುದಿಯುವುದು 78 ಡಿಗ್ರಿಗೆ. ಬಿಸಿ ಏರಿದಷ್ಟೂ ಅದೂ ಪರಿಮಳವೂ ಹಬೆಯೊಂದಿಗೆ ಹೋಗುತ್ತವೆ.

ಹಿಡಿಯಿರುವ ದಪ್ಪ ಗಾಜಿನ ಲೋಟದಲ್ಲಿ ಬಂದದ್ದು ಕಡುಗೆಂಪು ದ್ರವ. ಮೊದಲು ಮೂಗಿಗೆ ಹೊಡೆದದ್ದು ದಾಲ್ಚಿನ್ನಿ, ಹಿಂದೆಯೇ ಲವಂಗ. ಒಂದು ಗುಟುಕು ಕುಡಿದೆ. ಬಾಯಿ ‘ಬಿಯರ್’ ಎಂದು ಕಾದಿತ್ತು, ಬಂದದ್ದು ಬೇರೆ. ನಾನು ಸಾಗರದ ಕಡೆಯವನು. ಮುರುಗಲು ಹುಳಿಗೆ ಬೆಲ್ಲ ಹಾಕಿ ಬಿಸಿ ಮಾಡಿ, ಮೇಲೆ ಲವಂಗ ಕುಟ್ಟಿ ಉದುರಿಸಿದರೆ ಹೇಗಿರಬಹುದೋ ಹೆಚ್ಚುಕಡಿಮೆ ಹಾಗೆ. ಸಿಹಿ ಮೊದಲು, ಹುಳಿ ಆಮೇಲೆ, ಗಂಟಲಿಗಿಳಿದ ಮೇಲೆ ಮಾಲ್ಟಿನ ಹುರಿದ ವಾಸನೆ. ಕಹಿ ಇಲ್ಲವೆನ್ನುವಷ್ಟು ಕಡಿಮೆ. ಲೋಟ ಆರುತ್ತ ಬಂದಂತೆ ಮಸಾಲೆ ಹಿಂದೆ ಸರಿದು ಚೆರಿಯ ಹುಳಿ ಮುಂದೆ ಬಂತು. ಕೊನೆಯ ಎರಡು ಗುಟುಕು ಬೇರೆಯೇ ಪಾನೀಯ. ಇಷ್ಟವಾಯಿತೇ ಎಂದರೆ, ಆಯಿತು. ಆದರೆ ಎರಡನೇ ಲೋಟ ಬೇಕೆನಿಸಲಿಲ್ಲ, ಸಿಹಿ ಅಷ್ಟಿತ್ತು.

ಎಲ್ಲ ಬಿಯರನ್ನೂ ಹೀಗೆ ಬಿಸಿ ಮಾಡಲಾಗದು. ನಾವು ಸಾಮಾನ್ಯವಾಗಿ ಕುಡಿಯುವ ಲಾಗರ್ ರುಚಿ ನಿಂತಿರುವುದೇ ತಂಪು ಮತ್ತು ಗುಳ್ಳೆಗಳ ಮೇಲೆ. ಅವೆರಡನ್ನೂ ತೆಗೆದರೆ ಉಳಿಯುವುದು ಸಪ್ಪೆ ನೀರು ಮತ್ತು ಹಾಪ್ಸ್ ಹೂವಿನ ಕಹಿ. ತಂಪು ನಾಲಿಗೆಯನ್ನು ಮರಗಟ್ಟಿಸುವುದರಿಂದ ಒಳ್ಳೆಯದು ಕೆಟ್ಟದ್ದು ಎರಡೂ ಗೊತ್ತಾಗುವುದಿಲ್ಲ. ಬಿಸಿಯಲ್ಲಿ ಏನನ್ನೂ ಮುಚ್ಚಿಡಲಾಗದು. ಹಾಗಾಗಿಯೇ ಬಿಸಿ ಬಿಯರಿಗೆ ಕಹಿ ಕಡಿಮೆ ಇರುವ, ಸಿಹಿ ಹುಳಿಯ ಮೈಕಟ್ಟು ಬೇಕು.

ಇದೇನೂ ಹೊಸ ಶೋಕಿಯಲ್ಲ. ಪೋಲೆಂಡಿನಲ್ಲಿ ಇಂದಿಗೂ ಚಳಿಗಾಲದಲ್ಲಿ ಬಿಯರಿಗೆ ಜೇನು, ಶುಂಠಿ, ಲವಂಗ ಹಾಕಿ ಕಾಯಿಸುತ್ತಾರೆ. ಜರ್ಮನಿಯ ಕೆಲವೆಡೆ ಕೆಂಪಗೆ ಕಾದ ಕಬ್ಬಿಣದ ಸರಳನ್ನು ಬಿಯರ್ ಲೋಟದಲ್ಲಿ ಅದ್ದುತ್ತಾರೆ. ನಮ್ಮಲ್ಲಿ ಮಜ್ಜಿಗೆಗೆ ಕಾದ ಕಬ್ಬಿಣ ಅದ್ದುವುದನ್ನು ಕೇಳಿದವರಿಗೆ ಇದು ವಿಚಿತ್ರವೆನಿಸದು. ತಣ್ಣಗಿನ ಬಿಯರಿಗಿಂತ ಬಿಸಿ ಬಿಯರೇ ಆರೋಗ್ಯಕ್ಕೆ ಒಳ್ಳೆಯದು ಎಂದು ವಾದಿಸುವ ಪುಸ್ತಕವೊಂದು 1641ರಲ್ಲೇ ಕೇಂಬ್ರಿಜ್‌ನಲ್ಲಿ ಅಚ್ಚಾಗಿತ್ತು. ವರ್ಷವಿಡೀ ಬಿಯರನ್ನು ತಂಪಾಗಿಡುವ ಯಂತ್ರವನ್ನು ಜರ್ಮನಿಯ ಕಾರ್ಲ್ ಫಾನ್ ಲಿಂಡೆ ರೂಪಿಸಿದ್ದು 1870ರ ದಶಕದಲ್ಲಿ. ಅಂದರೆ ನಮ್ಮ ‘ಚಿಲ್ಡ್’ ವಯಸ್ಸು ನೂರೈವತ್ತು ಚಿಲ್ಲರೆ ವರ್ಷ, ಅಷ್ಟೇ.

ಆ ಮಸಾಲೆಗಳಿಗೂ ನಮ್ಮ ಕಡೆಗೂ ಹಳೆಯ ನಂಟಿದೆ. ಔದೆನಾರ್ಡೆಯ ಮುಂದೆ ಹರಿಯುವ ಶೆಲ್ಡ್ ನದಿಯೇ ಕೆಳಗೆ ಆಂಟ್ವರ್ಪ್ ಬಂದರನ್ನು ಮುಟ್ಟುತ್ತದೆ. 1501ರಿಂದ ಪೋರ್ಚುಗೀಸರ ಹಡಗುಗಳು ನಮ್ಮ ಪಶ್ಚಿಮ ಕರಾವಳಿಯಿಂದ ಹೋದ ಕಾಳುಮೆಣಸನ್ನು ಅಲ್ಲಿ ಇಳಿಸತೊಡಗಿದವು. ನಮ್ಮ ಪಕ್ಕದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅದೇ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ನನ್ನ ಲೋಟದಲ್ಲಿ ಮೆಣಸಿರಲಿಲ್ಲ. ಆದರೆ ಚಳಿಗೆ ಮಸಾಲೆ ಕುದಿಸುವ ಅಭ್ಯಾಸ ಯುರೋಪಿನ ಸಾಮಾನ್ಯರ ಅಡುಗೆಮನೆಗೆ ಇಳಿದದ್ದು ಇಂಥ ಹಡಗುಗಳಿಂದಲೇ.

ಮೇಜಿನಲ್ಲಿ ನನ್ನ ಗಮನ ಸೆಳೆದದ್ದು ಲೋಟಕ್ಕಿಂತ ಲೋಟ ಹಿಡಿದವರು. ಎಂಬತ್ತರ ಹತ್ತಿರದ ಅಪ್ಪ, ಒಲೆಯಿಂದ ಇಳಿಸಿದ ಅಮ್ಮ, ಮಗ, ಸೊಸೆ. ಎಲ್ಲರಿಗೂ ಒಂದೊಂದು ಲೋಟ. ಬಿಸಿಯಾದ್ದರಿಂದ ಗಟಗಟ ಕುಡಿಯುವಂತಿಲ್ಲ. ಊದಿ ಊದಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಮಾತು. ‘ಇದು ಮೈ ಬೆಚ್ಚಗಿಡುತ್ತೆ’ ಎಂದು ಅಪ್ಪ ಅಂದಾಗ, ನರ್ಸ್ ಆಗಿರುವ ಸೊಸೆ ತಿದ್ದಿದಳು: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ, ನಿಜಕ್ಕೂ ಒಳಗಿನ ಕಾವು ಹೊರಗೆ ಹೋಗುತ್ತದೆ. ಮುದುಕ ನಕ್ಕು ಊಟಕ್ಕೆ ತಟ್ಟೆ ಎಳೆದುಕೊಂಡರು.

ನನಗೆ ಅದು ಹೊಸದು. ನಮ್ಮ ಮನೆಯಲ್ಲಿ ಮದ್ಯ ಎನ್ನುವ ಪದವನ್ನೇ ಯಾರೂ ಎತ್ತುತ್ತಿರಲಿಲ್ಲ. ನನ್ನ ಸೋದರಮಾವ, ಅಮ್ಮನ ತಮ್ಮ, ಸಾರಾಯಿಯಿಂದಲೇ ಹೋದರು. ಸರ್ಕಾರ ಸಾರಾಯಿ ನಿಷೇಧಿಸಿದ್ದು 2007ರಲ್ಲಿ. ಮಾವ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಕದ್ದು ಕುಡಿಯುತ್ತಿದ್ದರು, ಅಂಗಡಿಯ ಹಿಂದೆ ನಿಂತು, ಒಂದೇ ಗುಕ್ಕಿಗೆ. ಪುಣೆಯ ಹಿಂಜವಡಿಯ ಪಿಜಿಗಳಲ್ಲಿ ನಮ್ಮ ಹುಡುಗರು ಶುಕ್ರವಾರ ರಾತ್ರಿ ಸ್ಟ್ರಾಂಗ್ ಬಿಯರ್ ಇಳಿಸುವ ವೇಗ ಕಂಡಾಗೆಲ್ಲ ನನಗೆ ಮಾವನ ನೆನಪು. ಮನೆಗೆ ಫೋನ್ ಮಾಡುವಾಗ ಅವರ ಬಾಯಿಂದ ‘ಊಟ ಆಯ್ತು, ಮಲಗ್ತೀನಿ’ ಬಿಟ್ಟು ಬೇರೆ ಮಾತಿಲ್ಲ.

ಘೆಂಟ್‌ಗೆ ಮರಳಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಕುಡಿದದ್ದನ್ನು ಕುಡಿದ ಹಾಗೆಯೇ ಹೇಳಿದೆ.

‘ಬಿಸಿ ಮಾಡಿದ ಮಾತ್ರಕ್ಕೆ ಅದು ಕಷಾಯ ಆಗುತ್ತೇನೋ?’ ಎಂದರು.

‘ಇಲ್ಲಮ್ಮ, ಬಿಯರೇ.’

‘ಎಷ್ಟು?’

‘ಒಂದು ಲೋಟ. ಅವರ ಅಪ್ಪ ಅಮ್ಮನ ಜತೆ ಕೂತು.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಿನ್ನ ಮಾವನ್ನ ಹಾಗೆ ಎದುರಿಗೆ ಕೂರಿಸ್ಕೊಂಡು ಎಷ್ಟು ಕುಡಿದೆ ಅಂತ ನಾವ್ಯಾರೂ ಕೇಳ್ಲೇ ಇಲ್ಲ ನೋಡು’ ಎಂದರು. ಇಷ್ಟು ವರ್ಷಗಳಲ್ಲಿ ಅಮ್ಮ ಮಾವನ ಕುಡಿತದ ಬಗ್ಗೆ ನನ್ನೊಡನೆ ಆಡಿದ ಮೊದಲ ಮಾತು ಅದು. ಆ ರಾತ್ರಿ ಮಾವನ ಬಗ್ಗೆ ಅರ್ಧ ಗಂಟೆ ಮಾತಾಡಿದೆವು.