ಬಾಣಂತಿಯನ್ನು ನೋಡಲು ಹೋಗುವ ಮುಂಚೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ. ಉಳ್ಳಾಲದಲ್ಲೋ ಬಂಟ್ವಾಳದಲ್ಲೋ ಕೂತು ಓದುವವರಿಗೆ ಇವು ದೂರದ ಊರುಗಳು ಅನ್ನಿಸಬಹುದು. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಆ ಕಡೆ ಸಂಸಾರ ಹೂಡಿದವರಿರುವ ಮನೆಗಳಿಗೆ ಮಾತ್ರ ದೂರವಲ್ಲ. 2021ರಲ್ಲಿ ಆದ ವಿಜಯನಗರ ಜಿಲ್ಲೆಯ ಆರು ತಾಲೂಕುಗಳಲ್ಲಿ ಹೊಸಪೇಟೆ ಬಿಟ್ಟರೆ ಉಳಿದ ಐದೂ ಇವೇ. ಇಲ್ಲಿ ಹೆರಿಗೆ ಕಷ್ಟವಾಯಿತು ಅಂದರೆ ಹೊಸಪೇಟೆ, ಬಳ್ಳಾರಿ, ಇಲ್ಲವೇ ದಾವಣಗೆರೆಗೆ ಓಡಬೇಕು.

ಆ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ 2024ರ ನವೆಂಬರ್‌ನಲ್ಲಿ ನಡೆದದ್ದನ್ನು ಯಾರೂ ಮರೆತಿರಲಿಕ್ಕಿಲ್ಲ. ಮೂರು ದಿನಗಳ ಅಂತರದಲ್ಲಿ ಸಿಸೇರಿಯನ್ ಆದ ಕೆಲವು ತಾಯಂದಿರ ಮೂತ್ರಪಿಂಡ ಕೈಕೊಟ್ಟಿತು. ಐವರು ತೀರಿಕೊಂಡರು. ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ಬಾಟಲಿಯ ಮೇಲೆ. ಸರಕಾರ ಅದನ್ನು ಪೂರೈಸಿದ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ತಾಯಂದಿರ ಕೂಸುಗಳು ಈಗ ಅಜ್ಜಿಯರ ಕೈಯಲ್ಲೋ ಚಿಕ್ಕಮ್ಮಂದಿರ ಕೈಯಲ್ಲೋ ಬೆಳೆಯಬೇಕು.

ಇದರಲ್ಲಿ ನಮ್ಮಂಥವರು ತಿಳಿಯಬೇಕಾದದ್ದು ಒಂದಿದೆ. ಆಸ್ಪತ್ರೆಯಲ್ಲಿ ಶುಚಿತ್ವ ತಪ್ಪಿದರೆ ಅದನ್ನು ಆ್ಯಂಟಿಬಯೋಟಿಕ್ ಸರಿಮಾಡುತ್ತದೆ ಅನ್ನುವ ಧೈರ್ಯ ಬೇಡ. ಡ್ರಿಪ್‌ನ ನೀರಿನಲ್ಲಿ ಬ್ಯಾಕ್ಟೀರಿಯಾ ಸತ್ತೇ ಹೋಗಿದ್ದರೂ ಅದರ ವಿಷಾಂಶ ಉಳಿದಿರಬಹುದು. ಅದಕ್ಕೆ ಯಾವ ಆ್ಯಂಟಿಬಯೋಟಿಕ್ಕೂ ಮದ್ದಲ್ಲ. ಹಾಗಿದ್ದೂ ಸ್ವಲ್ಪ ಸುಸ್ತಾದರೆ ಸಾಕು, ‘ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕ್ಬಿಡಿ’ ಅಂತ ನಾವೇ ದುಂಬಾಲು ಬೀಳುತ್ತೇವೆ. ಬಾಯಿಯಲ್ಲಿ ಗಂಜಿ ಕುಡಿಯಲು ಆಗುವವರಿಗೆ ರಕ್ತನಾಳಕ್ಕೆ ಸೂಜಿ ಯಾಕೆ? ಸೂಜಿ ಚುಚ್ಚಿದ ಪ್ರತಿಯೊಂದು ಜಾಗವೂ ರೋಗಾಣುವಿಗೆ ಒಂದು ಬಾಗಿಲು.

ಸಿಸೇರಿಯನ್ ವಿಷಯಕ್ಕೇ ಬರೋಣ. ಬೇರೆ ಸೋಂಕಿಲ್ಲದ ತಾಯಿಗೆ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಕೊಡುವ ಆ್ಯಂಟಿಬಯೋಟಿಕ್ ಬಹಳ ಮುಖ್ಯ. ಆಪರೇಷನ್ ಮುಗಿದ ಮೇಲೂ ಅದನ್ನು ‘ಇರ್ಲಿ’ ಅಂತ ದಿನಗಟ್ಟಲೆ ಮುಂದುವರಿಸುವುದು ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮಲ್ಲಾದರೋ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆ ಕಮ್ಮಿ ಇದ್ದರೆ ಡಾಕ್ಟರ್ ಸರಿ ನೋಡಲಿಲ್ಲ ಅನ್ನುವ ಮಾತು ಬರುತ್ತದೆ! ಡಾಕ್ಟರು ಇಷ್ಟೇ ದಿನ ಅಂದರೆ ಅಷ್ಟೇ ದಿನ. ನಾವಾಗಿ ಹೆಚ್ಚಿಸುವುದೂ ಬೇಡ, ನಡುವೆ ನಿಲ್ಲಿಸುವುದೂ ಬೇಡ.

ಮನೆಯ ಕಪಾಟನ್ನೂ ಒಮ್ಮೆ ತೆಗೆದು ನೋಡಬೇಕು. ಗಲ್ಫಿನಿಂದ ಬಂದ ಪೆಟ್ಟಿಗೆಯಲ್ಲಿ ಪನಡೋಲ್ ಜೊತೆ ಆ್ಯಂಟಿಬಯೋಟಿಕ್ ಪಟ್ಟಿಯೂ ಬಂದಿರುತ್ತದೆ. ಕಳೆದ ವರ್ಷ ಕಾಕನಿಗೆ ಬರೆದ ಅಜಿತ್ರೋಮೈಸಿನ್‌ನಲ್ಲಿ ಎರಡು ಉಳಿದಿರುತ್ತದೆ. ಮಗುವಿಗೆ ಶೀತವಾದರೆ ಉಮ್ಮ ಅದನ್ನೇ ಅರ್ಧ ಮಾಡಿ ಕೊಡುತ್ತಾರೆ. ಶೀತ ವೈರಸ್‌ನಿಂದ ಬರುವಂಥದ್ದು, ಈ ಮಾತ್ರೆಗೆ ಅದು ಜಗ್ಗುವುದಿಲ್ಲ. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಮಾತ್ರ ಆ ಮದ್ದಿಗೆ ಒಗ್ಗಿಕೊಳ್ಳುತ್ತದೆ. ನಾಳೆ ಅದೇ ಮನೆಯ ಸೊಸೆಗೆ ಹೆರಿಗೆಯ ಗಾಯ ಕೀವಾದಾಗ ಮದ್ದು ಹಿಡಿಯುವುದಿಲ್ಲ. 2019ರ ಒಂದೇ ವರ್ಷ ಹೀಗೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ 12 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು.

ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ತಗೊಳ್ಳುವಂತಿಲ್ಲ ಎಂದರ್ಥ. ಕೆಲವು ಪ್ರಬಲ ಆ್ಯಂಟಿಬಯೋಟಿಕ್‌ಗಳನ್ನು ಮಾರಿದರೆ ಮೆಡಿಕಲ್‌ನವರು ರೋಗಿಯ ಹೆಸರು, ಡಾಕ್ಟರ ಹೆಸರು ಬೇರೆ ಪುಸ್ತಕದಲ್ಲಿ ಬರೆದಿಡಬೇಕು ಎಂಬ ನಿಯಮ 2014ರಿಂದಲೇ ಇದೆ. ಗಡಿಯಾಚೆ ಕೇರಳ 2018ರಲ್ಲೇ ಇದಕ್ಕೆಂದು ರಾಜ್ಯಮಟ್ಟದ ಕ್ರಿಯಾಯೋಜನೆ ಮಾಡಿತು. ಚೀಟಿ ಇಲ್ಲದೆ ಮಾರುವ ಅಂಗಡಿಗಳ ಮೇಲೆ ಅಲ್ಲಿ ದಾಳಿಯೂ ನಡೆದಿದೆ. ಮಂಜೇಶ್ವರದ ಸಂಬಂಧಿಕರನ್ನು ಕೇಳಿದರೆ ಗೊತ್ತಾದೀತು.

ಇನ್ನು ಕೈ. ವಾರ್ಡಿನ ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿರುತ್ತಾರೆ. ಆಲ್ಕೋಹಾಲ್ ಇದೆಯಲ್ಲ, ಮುಟ್ಟಿದರೆ ನಮಾಝ್ ಆಗುತ್ತದಾ ಅಂತ ಹಿಂದೆ ಸರಿಯುವ ಹಿರಿಯರಿದ್ದಾರೆ. ಈ ಪ್ರಶ್ನೆ ಹೊಸದಲ್ಲ. 2002ರಲ್ಲಿ ಮಕ್ಕಾದಲ್ಲಿ ಸೇರಿದ ಮುಸ್ಲಿಂ ವರ್ಲ್ಡ್ ಲೀಗ್‌ನ ಫಿಕ್ಹ್ ಪರಿಷತ್ತು, ರೋಗಾಣು ಕೊಲ್ಲಲು ಮೈಮೇಲೆ ಆಲ್ಕೋಹಾಲ್ ಬಳಸಬಹುದು ಎಂದು ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ ಕೈ ಶುಚಿಯ ಬಗ್ಗೆ 2009ರಲ್ಲಿ ತಂದ ಮಾರ್ಗಸೂಚಿಯಲ್ಲೂ ಇದರ ಪ್ರಸ್ತಾಪ ಇದೆ. ಮತ್ತೂ ಮನಸ್ಸು ಒಪ್ಪದಿದ್ದರೆ ನಿಮ್ಮ ಉಸ್ತಾದರನ್ನು ಕೇಳಿ. ಅಲ್ಲಿವರೆಗೆ ಸೋಪು, ನೀರು ಇದ್ದೇ ಇದೆ. ಬೆರಳ ಸಂದು, ಉಗುರು, ಹೆಬ್ಬೆರಳು ಸೇರಿ 40ರಿಂದ 60 ಸೆಕೆಂಡು ತೊಳೆಯಬೇಕು. ನಳ್ಳಿಯಡಿ ಕೈ ತೋರಿಸಿ ಬಂದರೆ ತೊಳೆದ ಹಾಗಾಗುವುದಿಲ್ಲ.

ರೋಗಿಯನ್ನು ನೋಡಲು ಹೋಗುವುದು ಪುಣ್ಯದ ಕೆಲಸವೇ. ಹಾಗಂತ ಒಂದು ವ್ಯಾನು ತುಂಬ ಜನ, ಜೊತೆಗೆ ಕೆಮ್ಮುವ ಮಕ್ಕಳು, ಎಲ್ಲರೂ ಬಾಣಂತಿಯ ಹಾಸಿಗೆ ಮೇಲೇ ಕೂತು ಕೂಸಿನ ಕೆನ್ನೆಗೆ ಮುತ್ತು ಕೊಟ್ಟರೆ? ನರ್ಸ್ ಗದರಿದರೆ ಸಿಟ್ಟು ಬೇರೆ. ಇಬ್ಬರು ಒಳಗೆ ಹೋಗಿ, ಉಳಿದವರು ಹೊರಗಿನ ಬೆಂಚಿನಲ್ಲಿ ಕೂತುಕೊಳ್ಳಿ. ಕೈಗೆ ಹಾಕಿದ ಸೂಜಿಯ ಸುತ್ತ ಕೆಂಪಾಗಿದೆಯೇ, ಊದಿದೆಯೇ ನೋಡಿ, ಆಗಿದ್ದರೆ ಕೂಡಲೇ ನರ್ಸಿಗೆ ಹೇಳಿ. ಡ್ರಿಪ್ ನಿಂತ ಮೇಲೂ ಸೂಜಿ ಹಾಗೇ ಇದ್ದರೆ, ‘ಸಿಸ್ಟರ್, ಇದು ಇನ್ನೂ ಬೇಕಾ?’ ಅಂತ ಕೇಳುವುದಕ್ಕೆ ಸಂಕೋಚ ಬೇಡ.