ಕೊಡಲಿ ಇಳಿಸುವುದೂ ಗೊತ್ತಿರಬೇಕು

ಟ್ರ್ಯಾಕ್ಟರ್ ಬಂದ ಮೇಲೆ ರೈತನ ಮನೆಯಲ್ಲಿ ಎತ್ತು ಇಲ್ಲದಿರಬಹುದು, ರಂಟಿ ಅಟ್ಟ ಸೇರಿರಬಹುದು. ಆದರೆ ಕೊಡಲಿ ಇಲ್ಲದ ಮನೆಯನ್ನು ನಮ್ಮ ಮೇಡ್ಲೇರಿ ಸುತ್ತಮುತ್ತ ನಾನು ಕಂಡಿಲ್ಲ. ಬಾಗಿಲ ಸಂದಿಯಲ್ಲೋ ದನದ ಕೊಟ್ಟಿಗೆಯಲ್ಲೋ ಒಂದು ಇದ್ದೇ ಇರುತ್ತದೆ. ದಿನಾ ಕೈಗೆ ಸಿಗುವ ವಸ್ತುವಿನ ಬಗ್ಗೆ ನಾವು ಯೋಚನೆ ಮಾಡುವುದು ಕಡಿಮೆ. ನಾನು ಏಳನೇ ಇಯತ್ತೆ ಓದಿದವನು. ತಿಳಿದವರನ್ನು ಕೇಳಿ, ಕೈಗೆ ಸಿಕ್ಕದ್ದನ್ನು ಓದಿ, ಕೊಡಲಿಯ ಬಗ್ಗೆ ಗೊತ್ತಾದದ್ದನ್ನು ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಡಲಿಯ ಕಥೆ ಎಲ್ಲಿಯದೇ ಇರಲಿ, ಅದು ಎತ್ತಿದಲ್ಲಿಗೆ ಮುಗಿಯುವುದಿಲ್ಲ. ಇಳಿಸಿದ ಮೇಲೇ ಮುಗಿಯುತ್ತದೆ.

ಕಲ್ಲಿನ ಕೊಡಲಿ

ನಮ್ಮ ಹೊಳೆ ತುಂಗಭದ್ರೆಯ ದಂಡೆಯಲ್ಲೇ, ನಮ್ಮ ಹಾವೇರಿ ಜಿಲ್ಲೆಯಲ್ಲೇ, ಹಳ್ಳೂರು ಅಂತ ಊರಿದೆ. ಅಲ್ಲಿ 1964-65ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿಸಿದರು. ಕೆಳಗಿನ ಪದರದಲ್ಲಿ ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಗಳು ಸಿಕ್ಕವು, ಮೇಲಿನ ಪದರದಲ್ಲಿ ಕಬ್ಬಿಣದ ಸಾಮಾನು. ಆ ಕಬ್ಬಿಣ ಸುಮಾರು ಮೂರು ಸಾವಿರ ವರ್ಷದ ಹಿಂದಿನದು ಎಂದು ಲೆಕ್ಕ ಹಾಕಿದ್ದಾರೆ. ಅಂದರೆ ಕಲ್ಲಿನ ಕೊಡಲಿ ಬಿಟ್ಟು ಕಬ್ಬಿಣ ಹಿಡಿದ ನಮ್ಮ ಹಿರಿಯರು ಬೇರೆಲ್ಲೋ ಇದ್ದವರಲ್ಲ, ಇದೇ ಹೊಳೆಯ ನೀರು ಕುಡಿದವರು.

ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಗುಡ್ಡಗಳಲ್ಲಂತೂ ಕಲ್ಲಿನ ಕೊಡಲಿಯ ದೊಡ್ಡ ಕಾರ್ಖಾನೆಯೇ ಇತ್ತು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1870ರ ದಶಕದಲ್ಲಿ ಅದನ್ನು ಗುರುತಿಸಿದರು. ಅಲ್ಲಿ ಬಂಡೆಗಳ ನಡುವೆ ಗೋಡೆಯಂತೆ ಹಾಯ್ದ ಗಟ್ಟಿ ಕರಿಕಲ್ಲಿನ ಪದರ ಇದೆ. ಆ ಕಲ್ಲನ್ನು ಒಡೆದು ಚಕ್ಕೆ ಎಬ್ಬಿಸಬೇಕು, ಆಮೇಲೆ ಕುಟ್ಟಿ ಕುಟ್ಟಿ ಆಕಾರಕ್ಕೆ ತರಬೇಕು, ಕೊನೆಗೆ ಬಂಡೆಯ ಮೇಲೆ ತಿಕ್ಕಿ ತಿಕ್ಕಿ ಬಾಯಿ ಹರಿತ ಮಾಡಬೇಕು. ಹಾಗೆ ತಿಕ್ಕಿದ ಗುಣಿಗಳು ಬಂಡೆಗಳ ಮೇಲೆ ಇಂದಿಗೂ ಕಾಣುತ್ತವೆ. ಇಷ್ಟು ಕಷ್ಟಪಟ್ಟು ಮಾಡಿದ ಕೊಡಲಿಯನ್ನು ಯಾರೂ ಸುಮ್ಮಸುಮ್ಮನೆ ಬೀಸಿರಲಾರರು ಅಂತ ನನ್ನ ಎಣಿಕೆ. ಬೇಸಾಯ ಶುರುವಾದದ್ದೂ ಈ ಕೊಡಲಿಯಿಂದಲೇ. ಗಿಡಗಂಟಿ ಕಡಿಯದೆ ಹೊಲ ಆಗುವುದಿಲ್ಲವಲ್ಲ.

ಬೇರೆ ದೇಶದ್ದೊಂದು ಸಂಗತಿ. 1991ರಲ್ಲಿ ಯುರೋಪಿನ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5300 ವರ್ಷ ಹಿಂದಿನ ಮನುಷ್ಯನ ಹೆಣ ಸಿಕ್ಕಿತು. ಅವನ ಹತ್ತಿರ ತಾಮ್ರದ ಕೊಡಲಿ ಇತ್ತು, ಕಾವಿನ ಸಮೇತ ಕೆಡದೆ ಉಳಿದಿತ್ತು. ಪರೀಕ್ಷೆ ಮಾಡಿದರೆ ಅವನು ಸತ್ತದ್ದು ಬೆನ್ನಿಗೆ ಬಿದ್ದ ಬಾಣದಿಂದ. ಒಳ್ಳೆಯ ಕೊಡಲಿ ಇದ್ದರೂ ಅದು ಅವನ ಜೀವ ಉಳಿಸಲಿಲ್ಲ.

ಕಂಬಾರನ ಕುಲುಮೆಯಲ್ಲಿ

ನಾನು ಹುಡುಗನಿದ್ದಾಗ ಕಂಬಾರರಿಗೆ ರೊಕ್ಕ ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣದಿಂದಲೇ ಆಯ ಕೊಡುತ್ತಿದ್ದೆವು, ಇಷ್ಟು ಜೋಳ ಅಂತ. ಅದಕ್ಕೆ ಬದಲಾಗಿ ವರ್ಷವಿಡೀ ಕುಂಟಿ, ಕುಡಗೋಲು, ಕೊಡಲಿ ಹಣಿದು ಕೊಡುತ್ತಿದ್ದರು. ಆಗ ಮೆತ್ತನೆ ಕಬ್ಬಿಣದ ಪಟ್ಟಿ ಬಗ್ಗಿಸಿ, ಕಾವು ಸೇರುವ ತೂತು ಬಿಟ್ಟು, ಬಾಯಿಯ ನಡುವೆ ಉಕ್ಕಿನ ತುಂಡು ಇಟ್ಟು ಬೆಸೆಯುತ್ತಿದ್ದರು. ಮೆತ್ತನೆ ಕಬ್ಬಿಣ ಏಟು ತಡೆದುಕೊಳ್ಳುತ್ತದೆ, ಉಕ್ಕು ಕಡಿಯುತ್ತದೆ. ಈಗ ಹಳೆ ಲಾರಿಯ ಪಾಟಾ ಕಾಯಿಸಿ ಮಾಡುತ್ತಾರೆ, ಅದೂ ಒಳ್ಳೆಯದೇ.

ಮುಖ್ಯ ಕೆಲಸ ನೀರು ಹಾಕುವುದು. ಬಾಯಿ ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಉಕ್ಕು ಗಟ್ಟಿಯಾಗುತ್ತದೆ. ಆದರೆ ಹಾಗೇ ಬಿಟ್ಟರೆ ಗಂಟಿಗೆ ತಾಗಿದಾಗ ಬಾಯಿ ಮುಕ್ಕಾಗುತ್ತದೆ. ಅದಕ್ಕೆ ಮತ್ತೆ ಸ್ವಲ್ಪ ಕಾವು ಕೊಟ್ಟು, ಒಣಹುಲ್ಲಿನ ಬಣ್ಣ ಬಂದ ಕೂಡಲೇ ತಣ್ಣಗೆ ಮಾಡಬೇಕು. ಬಣ್ಣ ನೋಡಿ ಹದ ಹಿಡಿಯುವ ಕಣ್ಣು ಪುಸ್ತಕದಿಂದ ಬರುವುದಿಲ್ಲ.

ಕಾವಿಗೆ ನಮ್ಮ ಕಡೆ ಕರಿಜಾಲಿ ಒಳ್ಳೆಯದು. ಬಲಿತ ಕಟ್ಟಿಗೆ ಇರಬೇಕು, ಎಳೆ ನೆಟ್ಟಗೆ ಹರಿದಿರಬೇಕು, ಗಂಟು ಇರಬಾರದು. ಕಡಿದ ಕೂಡಲೇ ಹಾಕಬಾರದು. ನೆರಳಲ್ಲಿ ಎರಡು ಮೂರು ತಿಂಗಳು ಒಣಗಿಸಿ ಕೆತ್ತಬೇಕು. ಹಸಿ ಕಾವು ಒಣಗುತ್ತಾ ಸಣ್ಣಗಾಗಿ ಕೊಡಲಿ ಸಡಿಲಾಗುತ್ತದೆ, ಬೀಸಿದಾಗ ಕಳಚಿ ಹಾರುತ್ತದೆ. ಸಡಿಲಾದ ಕೊಡಲಿ ಹರಿತವಾದ ಕೊಡಲಿಗಿಂತ ಅಪಾಯ.

ಕುಲಕ್ಕೆ ಮೃತ್ಯು ಕೊಡಲಿ ಕಾವು ಅಂತ ಗಾದೆ ಇದೆ. ಕಾವು ಮರದ್ದೇ, ಆದರೆ ಕಡಿಯುವುದೂ ಮರವನ್ನೇ. ಮನೆಯವರೇ ಮನೆಗೆ ಕೇಡು ಮಾಡಿದಾಗ ಈ ಮಾತು ಹೇಳುತ್ತಾರೆ. ಕಬ್ಬಿಣ ಒಂದೇ ಇದ್ದರೆ ಮರಕ್ಕೆ ಏನೂ ಆಗದು. ನಮ್ಮವರಲ್ಲಿ ಒಬ್ಬ ಕೈ ಜೋಡಿಸಿದಾಗಲೇ ಅದಕ್ಕೆ ಬಲ.

ಪರಶುರಾಮನ ಕೊಡಲಿ

ಕೊಡಲಿ ಎಂದರೆ ಎಲ್ಲರಿಗೂ ನೆನಪಾಗುವುದು ಪರಶುರಾಮ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರಿಗೆ ಕಥೆ ಹೇಳಬೇಕಾಗಿಲ್ಲ. ಅಪ್ಪ ಜಮದಗ್ನಿಯ ಮಾತು ಮೀರದೆ ಹೆತ್ತ ತಾಯಿ ರೇಣುಕೆಯ ತಲೆ ಕಡಿದ. ಅಪ್ಪ ಮೆಚ್ಚಿ ವರ ಕೇಳು ಎಂದಾಗ ಬೇರೇನೂ ಕೇಳಲಿಲ್ಲ, ತಾಯಿ ಬದುಕಲಿ ಎಂದ. ಮುಂದೆ ಕಾರ್ತವೀರ್ಯ ರಾಜ ಆಶ್ರಮದ ಆಕಳನ್ನು ಎಳೆದುಕೊಂಡು ಹೋದ. ಆ ಜಗಳ ಬೆಳೆದು ಜಮದಗ್ನಿಯ ಕೊಲೆಯಾಯಿತು. ಪರಶುರಾಮ ಇಪ್ಪತ್ತೊಂದು ಸಲ ಭೂಮಿ ಸುತ್ತಿ ರಾಜರನ್ನು ಕಡಿದ. ಒಂದು ಆಕಳಿನಿಂದ ಶುರುವಾದ ಜಗಳ ನೋಡಿ, ಎಲ್ಲಿಗೆ ಹೋಯಿತು.

ಕಡಿದದ್ದನ್ನು ಎಲ್ಲರೂ ಹೇಳುತ್ತಾರೆ. ಆಮೇಲೆ ಏನಾಯಿತು ಅನ್ನುವುದು ನನಗೆ ಹೆಚ್ಚು ಮುಖ್ಯ. ಕೊಡಲಿಗೆ ಹತ್ತಿದ ರಕ್ತ ಎಲ್ಲಿ ತೊಳೆದರೂ ಹೋಗಲಿಲ್ಲವಂತೆ. ಮಲಪ್ರಭೆಯಲ್ಲಿ ತೊಳೆದಾಗ ಹೊಳೆಯೇ ಕೆಂಪಾಯಿತು, ಅದನ್ನು ಕಂಡವರು ‘ಅಯ್ಯೋ ಹೊಳೆ’ ಅಂದರು, ಅದೇ ಐಹೊಳೆ ಆಯಿತು ಅಂತ ಆ ಊರಲ್ಲಿ ಹೇಳುತ್ತಾರೆ. ಕೊನೆಗೆ ಎಳ್ಳಿನಷ್ಟು ಕಲೆ ಉಳಿದಿತ್ತು. ಅದು ತೀರ್ಥಹಳ್ಳಿಯಲ್ಲಿ ತುಂಗೆಯ ನೀರಿಗೆ ಹೋಯಿತು. ಅದಕ್ಕೇ ಅಲ್ಲಿ ಎಳ್ಳಮಾಸಿಗೆ ಜಾತ್ರೆ, ಪರಶುರಾಮ ತೀರ್ಥದಲ್ಲಿ ಸ್ನಾನ. ಆ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ನಮ್ಮ ಕಡೆ ಹರಿದು ಬರುತ್ತದೆ.

ಆಮೇಲೆ ಗೆದ್ದ ಭೂಮಿಯನ್ನೆಲ್ಲಾ ದಾನ ಕೊಟ್ಟ. ತನಗೆ ನಿಲ್ಲಲು ಜಾಗ ಇಲ್ಲದಾಯಿತು. ಕೊಡಲಿಯನ್ನು ಸಮುದ್ರಕ್ಕೆ ಎಸೆದ, ಸಮುದ್ರ ಹಿಂದೆ ಸರಿದು ನೆಲ ಬಿಟ್ಟಿತು. ಕರಾವಳಿಯವರು ತಮ್ಮ ಸೀಮೆಯನ್ನು ಪರಶುರಾಮ ಕ್ಷೇತ್ರ ಎನ್ನುವುದು ಇದಕ್ಕೇ. ಯೋಚನೆ ಮಾಡಿ ನೋಡಿ. ಕೊಡಲಿ ಎತ್ತಿ ಗೆದ್ದ ನೆಲ ಅವನಿಗೆ ದಕ್ಕಲಿಲ್ಲ, ಕೊಡಲಿ ಬಿಸಾಡಿದ ಮೇಲೆ ನೆಲ ಸಿಕ್ಕಿತು.

ಶರಣರಲ್ಲೂ ಒಂದು ಕೊಡಲಿ ಇದೆ, ಮೋಳಿಗೆಯ ಮಾರಯ್ಯನದು. ಕಾಶ್ಮೀರದ ಅರಸನಾಗಿದ್ದವನು ರಾಜ್ಯ ಬಿಟ್ಟು ಹೆಂಡತಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆ ತಂದು ಮಾರಿ, ಅದರಿಂದ ಜಂಗಮ ದಾಸೋಹ ನಡೆಸಿದನೆಂದು ಐತಿಹ್ಯ. ಖಡ್ಗ ಇಳಿಸಿ ಕೊಡಲಿ ಹಿಡಿದ ಅರಸ. ಅದೇ ಕಬ್ಬಿಣ, ಕೆಲಸ ಬೇರೆ.

ಬೇರೆ ಜನ ಏನು ಮಾಡಿದರು?

ಹಳೆಯ ರೋಮ್ ರಾಜ್ಯದಲ್ಲಿ ಅಧಿಕಾರಿಯ ಮುಂದೆ ಬೆತ್ತದ ಕಟ್ಟಿನಲ್ಲಿ ಕೊಡಲಿ ಸಿಕ್ಕಿಸಿಕೊಂಡು ಸೇವಕರು ನಡೆಯುತ್ತಿದ್ದರು. ಬೆತ್ತ ಹೊಡೆಯಲು, ಕೊಡಲಿ ತಲೆ ತೆಗೆಯಲು. ಆದರೆ ರೋಮ್ ಪಟ್ಟಣದ ಗಡಿಯೊಳಗೆ ಬರುವಾಗ ಕೊಡಲಿಯನ್ನು ಕಟ್ಟಿನಿಂದ ತೆಗೆದಿಡಬೇಕಿತ್ತು. ಊರೊಳಗೆ ಜನರ ಮಾತಿಗೆ ಬೆಲೆ ಎಂದು ಅದರ ಅರ್ಥ. ಸುಮಾರು ನೂರು ವರ್ಷದ ಹಿಂದೆ ಇಟಲಿಯ ಮುಸೊಲಿನಿ ಅದೇ ಕೊಡಲಿಯ ಕಟ್ಟನ್ನು ತನ್ನ ಪಕ್ಷದ ಗುರುತು ಮಾಡಿಕೊಂಡ. ಅವನು ಅದನ್ನು ಇಳಿಸಲಿಲ್ಲ. ಆ ದೇಶಕ್ಕೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಉತ್ತರ ಅಮೆರಿಕದ ಮೂಲ ನಿವಾಸಿಗಳಲ್ಲಿ ಕೆಲವರು ಎರಡು ಕುಲಗಳಿಗೆ ರಾಜಿಯಾದಾಗ ಕೊಡಲಿಯನ್ನು ನೆಲದಲ್ಲಿ ಹೂಳುತ್ತಿದ್ದರು.

ನಾವು ಹೂಳುವುದಿಲ್ಲ, ಪೂಜೆ ಮಾಡುತ್ತೇವೆ. ಮಹಾನವಮಿಯ ಖಂಡೆ ಪೂಜೆಗೆ ಕೊಡಲಿ, ಕುಡಗೋಲು, ಕುಂಟಿ ಎಲ್ಲ ತೊಳೆದು ವಿಭೂತಿ ಹಚ್ಚಿ ಇಟ್ಟರೆ ಆವತ್ತು ಯಾರೂ ಮುಟ್ಟುವಂತಿಲ್ಲ. ಮರುದಿನ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂತೀವಿ, ವರ್ಷದ ಜಗಳ ಇದ್ದವರೂ ಮಾತಾಡಬೇಕು. ಪಾಂಡವರು ಆಯುಧ ಇಳಿಸಿ ಇಟ್ಟ ಮರ ಬನ್ನಿ. ಅದಕ್ಕೆ ನಮ್ಮಲ್ಲಿ ಕೊಡಲಿ ಹಾಕುವುದಿಲ್ಲ.

ಬದುವಿನ ಜಗಳ

ಪುರಾಣ ಸಾಕು, ನಮ್ಮ ಹೊಲಕ್ಕೇ ಬರೋಣ. ಒಣ ಬೇಸಾಯದವರ ಜಗಳ ನೀರಿಗಲ್ಲ, ಬದುವಿಗೆ. ನಮ್ಮ ಹೊಲದ ಆಚೆ ಅಣ್ಣತಮ್ಮರ ಮಕ್ಕಳಿಬ್ಬರ ಹೊಲಗಳಿವೆ. ನಡುವಿನ ಬದುವಿನಲ್ಲಿ ಒಂದು ಬೇವಿನ ಮರ. ಒಬ್ಬನು ನೆರಳು ಬಿದ್ದು ಜೋಳ ಏಳುವುದಿಲ್ಲ ಅಂತ ಸವರಿದ, ಇನ್ನೊಬ್ಬನು ನನ್ನ ಮರ ಅಂತ ಬಂದ. ಮಾತಿಗೆ ಮಾತು ಬೆಳೆದು ಇಬ್ಬರ ಕೈಯಲ್ಲೂ ಕೊಡಲಿ ಬಂತು. ಹತ್ತಿರದ ಹೊಲದಲ್ಲಿ ಕುಂಟಿ ಹೊಡೆಯುತ್ತಿದ್ದ ನಾಲ್ಕು ಜನ ಓಡಿ ಹೋಗಿ ಹಿಡಿಯದಿದ್ದರೆ ಒಂದು ಹೆಣ ಬೀಳುತ್ತಿತ್ತು.

ಊರ ಹಿರಿಯರೊಬ್ಬರು ಸಂಜೆ ಇಬ್ಬರನ್ನೂ ಕರೆಸಿದರು. ‘ಯಾರದು ಖರೆ ಅಂತ ನಾ ಇವತ್ತು ಹೇಳೂದಿಲ್ಲ ತಮ್ಮಾ. ಮೊದಲ ಕೊಡ್ಲಿ ಇಲ್ಲಿ ಇಡ್ರಿ’ ಅಂದರು. ಎರಡೂ ಕೊಡಲಿ ಗುಡಿಯೊಳಗೆ ಇಟ್ಟು ಬೀಗ ಹಾಕಿಸಿದರು. ಸರ್ವೇದವರು ಬಂದು ಅಳತೆ ಮಾಡುವ ತನಕ ಮೂರು ತಿಂಗಳು ಅವು ಅಲ್ಲೇ ಇದ್ದವು. ಅಳತೆಯಲ್ಲಿ ಮರ ಸರಿಯಾಗಿ ನಡುಬದುವಿನಲ್ಲೇ ಬಂತು. ಒಂದು ವರ್ಷ ಇವನು, ಒಂದು ವರ್ಷ ಅವನು ಸವರಬೇಕೆಂದು ತೀರ್ಮಾನ. ಈಗಲೂ ಹಾಗೇ ನಡೆದಿದೆ. ಕೋರ್ಟಿಗೆ ಹೋಗಿದ್ದರೆ ಎರಡು ಮನೆಯ ಹೊಲ ವಕೀಲರ ಫೀಸಿಗೇ ಹೋಗುತ್ತಿತ್ತು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಹೋರಾಟದಲ್ಲಿ ಕೊಡಲಿ

ಕೊಡಲಿ ಎತ್ತಲೇಬೇಕಾದ ಕಾಲವೂ ಬರುತ್ತದೆ. ನಮ್ಮ ಜಿಲ್ಲೆಯ ದುಂಡಸಿಯಲ್ಲಿ ಹುಟ್ಟಿದ ಬಳ್ಳಾರಿ ಸಿದ್ದಮ್ಮ 1939ರಲ್ಲಿ ಮಾಯಕೊಂಡದ ಅರಣ್ಯ ಸತ್ಯಾಗ್ರಹದಲ್ಲಿ ಈಚಲು ಮರ ಕಡಿದು ಜೈಲಿಗೆ ಹೋದರು. ಸೇಂದಿಯ ಆದಾಯಕ್ಕೆ ಕೈ ಹಾಕುವುದೆಂದರೆ ಸರ್ಕಾರದ ಬೊಕ್ಕಸಕ್ಕೇ ಏಟು. ಆ ಕೊಡಲಿ ಮನುಷ್ಯನ ಮೇಲೆ ಬೀಳಲಿಲ್ಲ, ಕಡಿದವರು ಓಡಿಹೋಗಲೂ ಇಲ್ಲ.

1983ರಲ್ಲಿ ಉತ್ತರ ಕನ್ನಡದ ಸಾಲ್ಕಣಿ ಕಡೆಯ ಜನ ಮರ ಅಪ್ಪಿಕೊಂಡು ನಿಂತು ಕಾಡಿನ ಗುತ್ತಿಗೆಯವರ ಕೊಡಲಿ ಇಳಿಸಿದರು. ಅದೇ ಅಪ್ಪಿಕೋ ಚಳವಳಿ. 1987ರ ನವೆಂಬರ್ 14ರಂದು ನಮ್ಮ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಆಯಿತು. ದನ ಮೇಯುವ, ಕಟ್ಟಿಗೆ ಆಯುವ ಸಾರ್ವಜನಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕಂಪನಿಗೆ ಕೊಟ್ಟಿದ್ದಕ್ಕೆ ವಿರೋಧ. ಜನ ಕೈಯಿಂದ ನೀಲಗಿರಿ ಸಸಿ ಕಿತ್ತು, ಅದೇ ಜಾಗದಲ್ಲಿ ಉಪಯೋಗದ ಗಿಡ ಹಚ್ಚಿದರು. ಮುಂದೆ ಸರ್ಕಾರ ಆ ಕಂಪನಿಯನ್ನೇ ಮುಚ್ಚಿತು. ಕಿತ್ತ ಜಾಗ ಖಾಲಿ ಬಿಡಲಿಲ್ಲ ಎನ್ನುವುದನ್ನು ಗಮನಿಸಬೇಕು.

ದಣಿವು ಇಲ್ಲದ ಕೊಡಲಿ

ಈಗ ಮರ ಕೊಯ್ಯುವ ಮಷಿನ್ ಬಂದಿದೆ. ಇಬ್ಬರು ಒಂದು ದಿನ ಕಡಿಯುತ್ತಿದ್ದ ಜಾಲಿ ಮರ ಹತ್ತು ನಿಮಿಷಕ್ಕೆ ಮಲಗುತ್ತದೆ. ಕೆಲಸ ಹಗುರಾಯಿತು, ಬೇಡ ಅನ್ನುವುದಿಲ್ಲ. ಬಳ್ಳಾರಿ ಜಾಲಿ ತೆಗೆಯಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಕೊಡಲಿಯಲ್ಲಿ ಒಂದು ಗುಣ ಇತ್ತು, ಕಡಿಯುವವನು ದಣಿಯುತ್ತಿದ್ದ. ದಣಿದು ಬೆವರು ಒರೆಸಿಕೊಳ್ಳುವಾಗ, ಇದನ್ನ ಪೂರಾ ಕಡಿಬೇಕೋ, ಟೊಂಗಿ ಸವರಿದರೆ ಸಾಕೋ ಅನ್ನುವ ಯೋಚನೆ ಬರುತ್ತಿತ್ತು. ಮಷಿನ್‌ಗೆ ದಣಿವಿಲ್ಲ, ಹಾಗಾಗಿ ಯೋಚನೆಯನ್ನು ನಾವೇ ಮೊದಲೇ ಮಾಡಿರಬೇಕು. ಮೆಕ್ಕೆಜೋಳಕ್ಕೆ ನೆರಳು ಆಗದು ಎಂದು ಬದುವಿನ ಬೇವು, ಜಾಲಿ ಬುಡಸಮೇತ ತೆಗೆಸಿದ ಹೊಲಗಳಲ್ಲಿ ಈಗ ಕುಂಟಿ ಬಿಟ್ಟು ಕೂರಲು ನೆರಳಿಲ್ಲ, ಕಾವಿಗೆ ಒಂದು ತುಂಡು ಕಟ್ಟಿಗೆ ಇಲ್ಲ.

ನಾನು ಮಾಡುವುದು ಇಷ್ಟು. ಬಿತ್ತಿಗೆಗೆ ಮೊದಲು ಬದುವಿನ ಮರಗಳ ಟೊಂಗಿ ಸವರುತ್ತೇನೆ. ದಪ್ಪ ಟೊಂಗಿಯಾದರೆ ಮೊದಲು ಕೆಳಗಿನಿಂದ ಸ್ವಲ್ಪ ಕಡಿದು, ಆಮೇಲೆ ಮೇಲಿನಿಂದ ಕಡಿಯಬೇಕು. ಇಲ್ಲದಿದ್ದರೆ ಟೊಂಗಿ ಬೀಳುವಾಗ ಕಾಂಡದ ತೊಗಟೆ ಸುಲಿದು ಬರುತ್ತದೆ. ಕಡಿದ ಬಾಯಿ ಇಳಿಜಾರಾಗಿರಬೇಕು, ನೀರು ನಿಲ್ಲಬಾರದು. ತಲೆಯ ಮೂರರಲ್ಲೊಂದು ಭಾಗವಾದರೂ ಹಸಿರು ಬಿಡಬೇಕು. ಬೇವಿನ ಸೊಪ್ಪು ಹೊಲಕ್ಕೆ, ಜಾಲಿಯ ಕಾಯಿ ಆಡಿಗೆ, ಕಟ್ಟಿಗೆ ಒಲೆಗೆ. ಬುಡಕ್ಕೆ ಕೊಡಲಿ ಹಾಕುವುದಾದರೆ ಬದಲಿಗೆ ಎರಡು ಸಸಿ ಹಚ್ಚಿ, ಅವು ಎರಡು ಬೇಸಿಗೆ ದಾಟಿದ ಮೇಲೆ ಹಾಕುತ್ತೇನೆ.

ನಿಮ್ಮ ಸೀಮೆಯಲ್ಲಿ ಕಾವಿಗೆ ಯಾವ ಕಟ್ಟಿಗೆ ಬಳಸುತ್ತಾರೆ? ಯಾವ ಮರಕ್ಕೆ ಕೊಡಲಿ ಹಾಕಬಾರದು ಎನ್ನುತ್ತಾರೆ? ಹಣಿಯುವ ಕಂಬಾರರು ನಿಮ್ಮ ಊರಲ್ಲಿ ಇನ್ನೂ ಇದ್ದಾರೆಯೇ? ತಿಳಿದವರು ಪತ್ರಿಕೆಗೆ ಬರೆಯಿರಿ.