ಕಲೆ ಬಿದ್ದ ಜಾಗ ಬೇರೆ, ಸೋರುವ ಜಾಗ ಬೇರೆ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಹಳೇ ಕಾರುಗಳು ದಿನಾ ನಿಲ್ಲುವ ಜಾಗವನ್ನು ಹುಡುಕಬೇಕಾಗಿಲ್ಲ, ನೆಲದ ಮೇಲಿನ ಕಪ್ಪು ಮಚ್ಚೆಗಳೇ ಹೇಳುತ್ತವೆ. ಕನಕಪುರ, ರಾಮನಗರ, ಮಾಗಡಿ ಕಡೆಯಿಂದ ಶಿಫ್ಟಿಗೆ ಬರುವವರಲ್ಲಿ ಸೆಕೆಂಡ್ ಹ್ಯಾಂಡ್, ಥರ್ಡ್ ಹ್ಯಾಂಡ್ ಗಾಡಿ ಇಟ್ಟುಕೊಂಡವರಿಗೆ ಕಡಿಮೆಯಿಲ್ಲ. ಮಾರುತಿ 800, ಓಮ್ನಿ, ಪಕ್ಕದ ಬಿಡದಿಯಲ್ಲೇ ಹುಟ್ಟಿದ ಕ್ವಾಲಿಸ್. ಕ್ವಾಲಿಸ್ ಮಾರುಕಟ್ಟೆಗೆ ಬಂದಿದ್ದು 2000ದಲ್ಲಿ, ಮಾರುತಿ 800 ತಯಾರಿಕೆ ನಿಂತಿದ್ದು 2014ರಲ್ಲಿ. ಈ ಗಾಡಿಗಳ ರಬ್ಬರು, ಕಾರ್ಕು, ಕಾಗದದ ಪ್ಯಾಕಿಂಗುಗಳಿಗೆ ವಯಸ್ಸಾಗಿದೆ, ಆಯಿಲ್ ಸೋರುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ ಹುಟ್ಟಿಸುವುದು ಸೋರಿಕೆಯ ಬಗ್ಗೆ ಸಿಗುವ ಸಲಹೆಗಳು. ದಿನವಿಡೀ ಮಿಷನ್ ಜೊತೆ ಇರುವ ಜನರ ಊರಿದು, ಟೀ ಅಂಗಡಿ ಮುಂದೆ ಬಾನೆಟ್ ಎತ್ತಿದರೆ ನಾಲ್ಕು ಜನ ನಾಲ್ಕು ಕಾಯಿಲೆ ಹೇಳುತ್ತಾರೆ. ಎಲ್ಲರ ಮಾತಲ್ಲೂ ಸ್ವಲ್ಪ ಸತ್ಯವಿರುತ್ತದೆ, ಜೇಬಿಗೆ ಕತ್ತರಿ ಬೀಳುವುದು ಆ ಸ್ವಲ್ಪದಿಂದಲೇ.

“ಹನಿ ಬಿದ್ದ ಕಡೆಯೇ ತೂತು ಇರುತ್ತೆ ಬುಡಿ ಸಾರ್”

ಹೆಂಚಿನ ಮನೆ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೀರು ತೊಟ್ಟಿಕ್ಕುವುದು ಹಾಸಿಗೆಯ ಮೇಲೆ, ಹೆಂಚು ಒಡೆದಿರುವುದು ನಾಲ್ಕು ಮಾರು ಆಚೆ. ಇಂಜಿನ್ನಿನಲ್ಲೂ ಆಯಿಲ್ ಮೇಲಿಂದ ಕೆಳಕ್ಕೆ ಹರಿಯುತ್ತದೆ. ಗಾಡಿ ಓಡುವಾಗ ಎದುರು ಗಾಳಿ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹೀಗಾಗಿ ಎಲ್ಲೇ ಸೋರಿದರೂ ಕೊನೆಗೆ ಬಂದು ತೊಟ್ಟಿಕ್ಕುವುದು ತಳದ ಚೇಂಬರಿನ ಅಂಚಿನಿಂದ. ಪಾಪ, ಚೇಂಬರ್ ಪ್ಯಾಕಿಂಗ್ ಮೇಲೆ ತಪ್ಪು ಹೊರಿಸಿ ಬಿಚ್ಚಿ ಹಾಕಿದ್ದಾಯಿತು, ವಾರ ಕಳೆದ ಮೇಲೆ ಮಚ್ಚೆ ಅಲ್ಲೇ ಇರುತ್ತದೆ.

ಕಾರ್ಬ್ಯುರೇಟರ್ ಕಾಲದ ಮಾರುತಿ 800ರಲ್ಲಿ ಇದರ ಒಂದು ದುಬಾರಿ ರೂಪವಿದೆ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ಮಧ್ಯದ ಸಂದಿಯಿಂದ ಆಯಿಲ್ ಬರುತ್ತಿರುತ್ತದೆ. ನೋಡಿದವರು “ಕ್ರ್ಯಾಂಕ್ ಹಿಂದಿನ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು” ಅನ್ನುತ್ತಾರೆ. ಸೀಲಿನ ಬೆಲೆ ಸಣ್ಣದು, ಇಳಿಸಿ ಏರಿಸುವ ಕೂಲಿ ದೊಡ್ಡದು. ಆದರೆ ಈ ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಇರುವುದು ಹೆಡ್ಡಿನ ಅದೇ ತುದಿಯಲ್ಲಿ, ಗೇರ್ ಬಾಕ್ಸಿನ ನೆತ್ತಿಯ ಮೇಲೆ. ಅದರ ಓ ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಆಯಿಲ್ ಸೀದಾ ಅದೇ ಸಂದಿಗೆ ಇಳಿಯುತ್ತದೆ. ಟ್ಯಾಪೆಟ್ ಕವರಿನ ಹಿಂದಿನ ಮೂಲೆ ಸೋರಿದರೂ ದಾರಿ ಅದೇ. ಗೇರ್ ಬಾಕ್ಸ್ ಇಳಿಸಲು ಒಪ್ಪುವ ಮುನ್ನ ಬೆರಳು ಹಾಕಿ ನೋಡಬೇಕಾದ ಜಾಗ ಇದು.

ಕ್ವಾಲಿಸ್ ಡೀಸೆಲ್ಲಿನಲ್ಲಿ ಇನ್ನೊಂದು ಮರೆಯ ಜಾಗವಿದೆ. ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಕೊಡುವ ಪಂಪು ಆಲ್ಟರ್ನೇಟರಿನ ಬೆನ್ನಿಗೆ ಕೂತಿರುತ್ತದೆ, ಅದಕ್ಕೆ ಇಂಜಿನ್ ಆಯಿಲ್ ಹೋಗಿಬರುವ ಪೈಪುಗಳಿವೆ. ಕರೆಂಟಿನ ಭಾಗದಲ್ಲಿ ಆಯಿಲ್ ಎಲ್ಲಿಂದ ಬರಬೇಕು ಅಂತ ಯಾರೂ ಅತ್ತ ತಿರುಗಿ ನೋಡುವುದಿಲ್ಲ.

ಹುಡುಕುವ ಕ್ರಮಕ್ಕೆ ದುಡ್ಡು ಬೇಕಿಲ್ಲ, ತಾಳ್ಮೆ ಬೇಕು. ಮೊದಲು ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ, ಬಿದ್ದಿದ್ದು ಇಂಜಿನ್ ಆಯಿಲ್ಲೇ ಹೌದಾ ಅಂತ ನೋಡಿಕೊಳ್ಳಿ. ಕೆಂಪಗಿದ್ದರೆ ಪವರ್ ಸ್ಟೀರಿಂಗಿನದಿರಬಹುದು. ಹಸಿರೋ ಗುಲಾಬಿಯೋ ಆಗಿ ನೀರಿನಂತಿದ್ದರೆ ಕೂಲೆಂಟ್. ಗಂಧಕದಂಥ ಘಾಟು ವಾಸನೆಯಿದ್ದರೆ ಗೇರ್ ಆಯಿಲ್. ಚಕ್ರದ ಒಳಬದಿಯಲ್ಲಿ ತೆಳ್ಳಗೆ ಜಾರುವಂತಿದ್ದರೆ ಬ್ರೇಕ್ ಆಯಿಲ್, ಆಗ ಗಾಡಿ ತೆಗೆಯಲೇಬೇಡಿ.

ಇಂಜಿನ್ ಆಯಿಲ್ಲೇ ಅನ್ನುವುದು ಖಾತ್ರಿಯಾದ ಮೇಲೆ ಇಂಜಿನ್ ತೊಳೆಯಬೇಕು. ತಣ್ಣಗಿರುವಾಗ ಡಿಗ್ರೀಸರ್ ಹಚ್ಚಿ, ಬ್ರಷ್ಷಿನಲ್ಲಿ ಉಜ್ಜಿ, ಬನಿಯನ್ ವೇಸ್ಟಿನಿಂದ ಒರೆಸಿ. ವಾಟರ್ ಸರ್ವೀಸ್ ಮಾಡಿಸುವುದಾದರೆ ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರಿಗೆ ಪ್ಲಾಸ್ಟಿಕ್ ಕಟ್ಟಿಸಿ. ಪೂರ್ತಿ ಒಣಗಿದ ಮೇಲೆ ಅನುಮಾನದ ಜಾಗಗಳಿಗೆ ಟಾಲ್ಕಂ ಪೌಡರ್ ಉದುರಿಸಿ, ಕನಕಪುರದವರೆಗೆ ಒಂದು ಸುತ್ತು ಹೋಗಿಬಂದು, ಟಾರ್ಚ್ ಹಿಡಿದು ನೋಡಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ. ಅದರ ಕೆಳಗಿನದೆಲ್ಲ ಬರೀ ದಾರಿ. ಇಷ್ಟಕ್ಕೂ ಸಿಗದಿದ್ದರೆ ಆಯಿಲ್ಲಿಗೆ ಹೊಳೆಯುವ ಬಣ್ಣ ಬೆರೆಸಿ ನೇರಳಾತೀತ ಟಾರ್ಚಿನಲ್ಲಿ ಹುಡುಕುವ ಉಪಾಯವಿದೆ.

ಹಾಗೇ ಒಂದು ಮಾತು: ಹಳೇ ಗಾಡಿ ಕೊಳ್ಳಲು ಹೋದಾಗ ಇಂಜಿನ್ ಥಳಥಳ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಇವತ್ತು ಬೆಳಿಗ್ಗೆ ಯಾಕೆ ತೊಳೆದರು ಅಂತ ಕೇಳಿ.

“ನಟ್ಟು ಟೈಟ್ ಮಾಡಿ, ಅನಾಬಾಂಡ್ ಬಳಿದುಬಿಡಿ”

ಕಾರ್ಖಾನೆಯಲ್ಲಿ ಟಾರ್ಕ್ ರೆಂಚ್ ಇಲ್ಲದೆ ಬೋಲ್ಟ್ ಮುಟ್ಟದ ಮನುಷ್ಯ ಭಾನುವಾರ ಸ್ವಂತ ಕಾರಿನ ಟ್ಯಾಪೆಟ್ ಕವರಿಗೆ ಹಾಕುವ ಜೋರು ನೋಡಬೇಕು! ಆ ಬೋಲ್ಟುಗಳಿಗೆ ಬೇಕಾದ ಬಿಗಿ ಬಹಳ ಕಡಿಮೆ, ಮಣಿಕಟ್ಟಿನ ಬಲ ಸಾಕು. ಹೆಚ್ಚಾದರೆ ಕವರ್ ಸೊಟ್ಟಗಾಗುತ್ತದೆ. ಬೋಲ್ಟಿನ ಹತ್ತಿರ ಪ್ಯಾಕಿಂಗ್ ಜಜ್ಜಿಹೋಗಿ, ಎರಡು ಬೋಲ್ಟಿನ ನಡುವೆ ಬಾಯಿ ಬಿಡುತ್ತದೆ. ಸೋರುವುದು ಅಲ್ಲಿ. ತಗಡಿನ ಚೇಂಬರಿನ ಕಥೆಯೂ ಇದೇ. ವರ್ಷಗಟ್ಟಲೆ ಟೈಟ್ ಮಾಡಿಸಿಕೊಂಡ ಅಂಚಿನಲ್ಲಿ ಪ್ರತಿ ತೂತಿನ ಸುತ್ತ ಗುಳಿ ಬಿದ್ದಿರುತ್ತದೆ. ಅದನ್ನು ಮರದ ದಿಮ್ಮಿಯ ಮೇಲಿಟ್ಟು ಮೆಲ್ಲಗೆ ಬಡಿದು ಸಮ ಮಾಡದೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ವ್ಯರ್ಥ.

ಸಿಲಿಕೋನ್ ಪೇಸ್ಟಿಗೆ ಇಲ್ಲಿ ಎಲ್ಲರೂ ಅನಾಬಾಂಡ್ ಅನ್ನುತ್ತಾರೆ, ಕಂಪನಿ ಯಾವುದೇ ಇರಲಿ. ಅದು ಒಳ್ಳೇ ವಸ್ತು, ತೆಳ್ಳಗೆ, ಬೇಕಾದ ಕಡೆ ಮಾತ್ರ ಬಳಸಿದರೆ. ಹೊರಗೆ ಉಕ್ಕಿದ ಪೇಸ್ಟ್ ಕಣ್ಣಿಗೆ ಕಾಣುತ್ತದೆ. ಅಷ್ಟೇ ಒಳಗೂ ಉಕ್ಕಿರುತ್ತದೆ ಅನ್ನುವುದು ಕಾಣುವುದಿಲ್ಲ. ಒಳಗಿನ ಆ ಎಳೆ ಕಳಚಿ ಚೇಂಬರಿಗೆ ಬಿದ್ದರೆ ಆಯಿಲ್ ಪಂಪಿನ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತದೆ. ಹೊರಗಿನ ಸೋರಿಕೆ ನಿಂತು, ಒಳಗೆ ಬೇರಿಂಗುಗಳಿಗೆ ಆಯಿಲ್ ಸಿಗದಂತಾಗುತ್ತದೆ. ಇನ್ನು ಆಯಿಲ್ ಜಿಡ್ಡಿನ ಮೇಲೆ, ಹೊರಗಿಂದ ಬಳಿದ ಪೇಸ್ಟ್ ಹಿಡಿಯುವುದೇ ಇಲ್ಲ.

“ಸೈಜ್ ಒಂದೇ ಆದಮೇಲೆ ಸೀಲ್ ಒಂದೇ”

ಇದು ಕೈಗಾರಿಕಾ ಪ್ರದೇಶದವರಿಗೇ ಬರುವ ಯೋಚನೆ. ಸೀಲಿನ ಮೇಲೆ 35-50-8 ಅಂತಿದ್ದರೆ ಒಳವ್ಯಾಸ 35 ಮಿಲಿಮೀಟರ್, ಹೊರವ್ಯಾಸ 50, ಅಗಲ 8. ಅದೇ ಅಳತೆಯ ಸೀಲ್ ಪಂಪಿನ ಬಿಡಿಭಾಗಗಳ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕರೆ ಯಾಕೆ ಬೇಡ?

ಯಾಕೆಂದರೆ ಅಳತೆ ರಬ್ಬರಿನ ಜಾತಿ ಹೇಳುವುದಿಲ್ಲ. ಸಾಮಾನ್ಯ ನೈಟ್ರೈಲ್ ರಬ್ಬರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೆ ಚೆನ್ನಾಗಿ ಬಾಳುತ್ತದೆ, ಅದಕ್ಕಿಂತ ಮೇಲೆ ಬೇಗ ಕಲ್ಲಾಗುತ್ತದೆ. ಪಾಲಿಅಕ್ರಿಲೇಟ್ 150ರವರೆಗೆ, ವೈಟಾನ್ ಎಂದು ಕರೆಯುವ ಫ್ಲೋರೋ ರಬ್ಬರು 200ರವರೆಗೆ ತಡೆಯುತ್ತವೆ. ಕ್ರ್ಯಾಂಕಿನ ಹಿಂದಿನ ಸೀಲಿಗೆ ಬಿಸಿ ಹೆಚ್ಚು, ತಿರುಗುವ ವೇಗವೂ ಹೆಚ್ಚು. ಅಲ್ಲಿಗೆ ನೀರಿನ ಪಂಪಿನ ಸೀಲ್ ಹಾಕಿದರೆ ಉಳಿಸಿದ್ದು ಸೀಲಿನ ದುಡ್ಡು, ಕಳೆದುಕೊಳ್ಳುವುದು ಮತ್ತೆ ಗೇರ್ ಬಾಕ್ಸ್ ಇಳಿಸುವ ಕೂಲಿ.

ಸರಿಯಾದ ಹೊಸ ಸೀಲ್ ಹಾಕಿದರೂ ಸೋರಿದರೆ ಶಾಫ್ಟನ್ನು ಉಗುರಿನಿಂದ ಸವರಿ ನೋಡಿ. ಹಳೇ ಸೀಲಿನ ತುಟಿ ಲಕ್ಷಾಂತರ ಸುತ್ತಿನಲ್ಲಿ ಉಕ್ಕಿನ ಮೇಲೂ ಗೆರೆ ಕೊರೆದಿರುತ್ತದೆ. ಉಗುರು ಸಿಕ್ಕಿಕೊಂಡರೆ, ಗೂಡಿನಲ್ಲಿ ಜಾಗವಿದ್ದಾಗ ಸೀಲನ್ನು ಒಂದೆರಡು ಮಿಲಿಮೀಟರ್ ಒಳಗೋ ಹೊರಗೋ ಕೂರಿಸಿ ತುಟಿಗೆ ಹೊಸ ನೆಲೆ ಕೊಡಬಹುದು, ಇಲ್ಲವೆಂದರೆ ಶಾಫ್ಟಿಗೆ ತೆಳುವಾದ ಸ್ಲೀವ್ ಹಾಕಬಹುದು. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ, ತುಟಿಗೆ ಒಂದು ಹನಿ ಆಯಿಲ್ ಸವರಿ. ಇದನ್ನು ಹಾರೋಹಳ್ಳಿಯ ಯಾವ ಮೇಂಟೆನೆನ್ಸ್ ಫಿಟ್ಟರಿಗೂ ಹೇಳಿಕೊಡಬೇಕಿಲ್ಲ, ಆದರೂ ಹೇಳಿದ್ದೇನೆ.

“ಬ್ಯಾಕ್ ಕಂಪ್ರೆಷನ್ ಐತೆ, ಇಂಜಿನ್ ಇಳಿಸ್ಬೇಕು”

ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸ್ಸನೆ ಬರುತ್ತದೆ, ಮೆಕ್ಯಾನಿಕ್ ಮುಖ ಸಪ್ಪೆ ಮಾಡುತ್ತಾನೆ, ಗಾಡಿಯವನ ಎದೆ ಧಸಕ್ಕೆನ್ನುತ್ತದೆ. ಸವೆದ ರಿಂಗುಗಳ ಸಂದಿಯಿಂದ ಉರಿದ ಅನಿಲ ಕೆಳಗಿಳಿದು ಚೇಂಬರಿನೊಳಗೆ ಒತ್ತಡ ಹುಟ್ಟಿಸುವುದು ನಿಜ. ಆ ಒತ್ತಡ ಎಲ್ಲ ಪ್ಯಾಕಿಂಗುಗಳಿಂದಲೂ ಆಯಿಲ್ಲನ್ನು ಹೊರಗೆ ದಬ್ಬುವುದೂ ನಿಜ. ಆದರೆ ಹೊಸ ಇಂಜಿನ್ನಿನಲ್ಲೂ ಒಂದಿಷ್ಟು ಅನಿಲ ಹೀಗೆ ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಬ್ರೀದರ್ ಪೈಪು ಇರುವುದು, ಎಷ್ಟೋ ಪೆಟ್ರೋಲ್ ಗಾಡಿಗಳಲ್ಲಿ ಅದರ ಜೊತೆ ಪಿಸಿವಿ ವಾಲ್ವೂ ಇರುತ್ತದೆ. ಆ ದಾರಿ ಕರಿ ಜಿಡ್ಡಿನಿಂದ ಕಟ್ಟಿಕೊಂಡರೆ ಗಟ್ಟಿಮುಟ್ಟಾದ ಇಂಜಿನ್ನೂ ಬ್ಯಾಕ್ ಕಂಪ್ರೆಷನ್ ರೋಗಿಯಂತೆ ಕಾಣುತ್ತದೆ.

ಒಂದೇ ಸಮನೆ ಮೂರು ನಾಲ್ಕು ಕಡೆ ಸೋರಲು ಶುರುವಾದರೆ ನನ್ನ ಮೊದಲ ಅನುಮಾನ ಯಾವಾಗಲೂ ಈ ಪೈಪಿನ ಮೇಲೆ. ಬಿಚ್ಚಿ, ತೊಳೆದು, ಬಾಯಲ್ಲಿ ಊದುವ ಬದಲು ಕಂಪ್ರೆಸರ್ ಗಾಳಿ ಹೊಡೆದು ನೋಡಿ. ಪಿಸಿವಿ ವಾಲ್ವ್ ಅಲ್ಲಾಡಿಸಿದರೆ ಒಳಗೆ ಟಿಕ್ ಟಿಕ್ ಅನ್ನಬೇಕು. ಅದು ಇರುವ ಪೆಟ್ರೋಲ್ ಗಾಡಿಯಲ್ಲಿ, ಐಡ್ಲಿಂಗಿನಲ್ಲಿರುವಾಗ ಆಯಿಲ್ ಹಾಕುವ ಬಾಯಿಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಿಡಿದರೆ ಅದು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಬೇಕು. ಹಾರಿಹೋದರೆ ಮುಂದಿನ ಪರೀಕ್ಷೆಗೆ ಹೋಗಿ.

ಮುಂದಿನ ಪರೀಕ್ಷೆ ಅಂದರೆ ಕಂಪ್ರೆಷನ್ ಗೇಜು. ಒಂದು ಸಿಲಿಂಡರ್ ಉಳಿದವಕ್ಕಿಂತ ತೀರಾ ಕಡಿಮೆ ತೋರಿಸಿದರೆ, ಪೆಟ್ರೋಲ್ ಗಾಡಿಯಾದರೆ, ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವನ್ನೋ ಹೆಡ್ ಗ್ಯಾಸ್ಕೆಟ್ಟನ್ನೋ ಅನುಮಾನಿಸಿ. ಡೀಸೆಲ್ಲಿನಲ್ಲಿ ಈ ಆಯಿಲ್ ಪರೀಕ್ಷೆ ಮಾಡಬಾರದು. ಗೇಜು ಹಾಕದೆ, ಬರೀ ಹೊಗೆ ನೋಡಿ ಇಂಜಿನ್ ಇಳಿಸಲು ಹೇಳಿದವರಿಗೆ ನಮಸ್ಕಾರ ಹೇಳಿ ಗಾಡಿ ತಿರುಗಿಸುವುದೇ ಒಳ್ಳೆಯದು.

ಆಯಿಲ್ ಮ್ಯಾಕ್ಸ್ ಗೆರೆ ದಾಟಿದ್ದರೂ ಕಷ್ಟವೇ. ತಿರುಗುವ ಕ್ರ್ಯಾಂಕು ಅದನ್ನು ಕಡೆದು ನೊರೆ ಮಾಡುತ್ತದೆ. “ಹೇಗೂ ಸೋರುತ್ತಲ್ಲ, ಅರ್ಧ ಲೀಟರ್ ಜಾಸ್ತಿ ಇರಲಿ” ಅನ್ನುವ ಲೆಕ್ಕಾಚಾರ ಸೋರಿಕೆಯನ್ನೇ ಹೆಚ್ಚಿಸುತ್ತದೆ.

“ಗಟ್ಟಿ ಆಯಿಲ್ ಹಾಕಿ, ತಾನೇ ನಿಲ್ಲುತ್ತೆ”

20ಡಬ್ಲ್ಯೂ-40 ಬದಲು 20ಡಬ್ಲ್ಯೂ-50 ಹಾಕಿದರೆ ಸೋರುವ ವೇಗ ತುಸು ತಗ್ಗಬಹುದು, ತೂತು ಮುಚ್ಚುವುದಿಲ್ಲ. ಸಂದಿಗಳು ಸಣ್ಣದಿರುವ ಈಚಿನ ಇಂಜಿನ್ನುಗಳಿಗೆ ಅತಿ ಗಟ್ಟಿ ಆಯಿಲ್ ಬೆಳಗಿನ ಹೊತ್ತು ಮೇಲಿನ ಕ್ಯಾಮಿನವರೆಗೆ ತಲುಪಲು ತಡಮಾಡುತ್ತದೆ. ಸೋರಿಕೆ ನಿಲ್ಲಿಸುವ ಡಬ್ಬಿ ಔಷಧಿಗಳು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಸ್ವಲ್ಪ ಗಟ್ಟಿಯಾದ ಸೀಲಿಗೆ ಕೆಲವು ತಿಂಗಳು ಆಯುಸ್ಸು ಬಂದೀತು, ಹರಿದ ಸೀಲಿಗೂ ಕಾರ್ಕ್ ಪ್ಯಾಕಿಂಗಿಗೂ ಏನೂ ಮಾಡಲಾರವು. ಸಿಂಥೆಟಿಕ್ ಆಯಿಲ್ ಹಾಕಿದರೆ ಹಳೇ ಗಾಡಿ ಸೋರುತ್ತದೆ ಅನ್ನುವ ಭಯಕ್ಕೆ ಹಿಂದೆ ಕಾರಣವಿತ್ತು. ಮೊದಲ ತಲೆಮಾರಿನ ಕೆಲವು ಸಿಂಥೆಟಿಕ್ಕುಗಳು ಸೀಲನ್ನು ಕುಗ್ಗಿಸುತ್ತಿದ್ದವು. ಆಮೇಲೆ ಎಸ್ಟರ್ ಬೆರೆಸಿ ಅದನ್ನು ಸರಿಪಡಿಸಿದರು.

“ಹಳೇ ಗಾಡಿ ಅಂದ್ಮೇಲೆ ತೊಟ್ಟಿಕ್ಕದೆ ಇರುತ್ತಾ?”

ಈ ಮಾತು ಅಂಬಾಸಿಡರ್ ಕಾಲದ್ದು, ಆಗ ಅದರಲ್ಲಿ ಅರ್ಥವಿತ್ತು. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಇಂಜಿನ್ ಬ್ರಿಟಿಷ್ ಬಿಎಂಸಿ ಮನೆತನದ್ದು. ಅದರ ಕ್ರ್ಯಾಂಕಿನ ಹಿಂದೆ ರಬ್ಬರ್ ಸೀಲೇ ಇರಲಿಲ್ಲ. ಶಾಫ್ಟಿನ ಮೇಲೆ ಕೊರೆದ ಸುರುಳಿ ಗೆರೆ, ತಿರುಗುವಾಗ ಆಯಿಲ್ಲನ್ನು ಒಳಕ್ಕೆ ವಾಪಸ್ ತಳ್ಳುತ್ತಿತ್ತು. ಇಂಜಿನ್ ಆಫ್ ಮಾಡಿದರೆ ತಳ್ಳುವುದೂ ಬಂದ್, ನಾಲ್ಕು ಹನಿ ಬೀಳುವುದು ಸಹಜ. ಮಾರುತಿಗೂ ಕ್ವಾಲಿಸ್ಸಿಗೂ ತುಟಿಯ ಸೀಲುಗಳಿವೆ, ಅವುಗಳಿಗೆ ಆ ಸಬೂಬು ಒಪ್ಪುವುದಿಲ್ಲ.

ನಿಮಿಷಕ್ಕೆ ಒಂದೇ ಹನಿ ಅಂತ ಸುಮ್ಮನಿರುವವರು ಲೆಕ್ಕ ಹಾಕಿ: ಇಪ್ಪತ್ತು ಹನಿಗೆ ಸುಮಾರು ಒಂದು ಮಿಲಿಲೀಟರ್ ಅಂದರೆ ದಿನಕ್ಕೆ 72 ಮಿಲಿಲೀಟರ್, ತಿಂಗಳಿಗೆ ಎರಡು ಲೀಟರಿನ ಮೇಲೆ. ಮಾರುತಿ 800ರ ಇಂಜಿನ್ ಹಿಡಿಯುವುದೇ ಮೂರು ಲೀಟರ್ ಆಸುಪಾಸು. ಪ್ರಮಾಣಕ್ಕಿಂತ ಮುಖ್ಯ ಅದು ಎಲ್ಲಿ ಬೀಳುತ್ತದೆ ಅನ್ನುವುದು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಮೊದಲು ವಾಸನೆ, ಆಮೇಲೆ ಹೊಗೆ, ಕೆಟ್ಟ ದಿನ ಬೆಂಕಿ. ಕ್ಲಚ್ ಪ್ಲೇಟಿಗೆ ತಗುಲಿದರೆ ಪ್ಲೇಟ್ ಸ್ಲಿಪ್. ಕ್ಯಾಮ್ ಸೀಲ್ ಅಥವಾ ಕ್ರ್ಯಾಂಕಿನ ಮುಂದಿನ ಸೀಲ್ ಸೋರಿ ಟೈಮಿಂಗ್ ಬೆಲ್ಟ್ ನೆನೆದರೆ ರಬ್ಬರು ಉಬ್ಬಿ ಹಲ್ಲು ಕಳಚುತ್ತದೆ. ಕ್ವಾಲಿಸ್ಸಿನಂಥ ಡೀಸೆಲ್ಲಿನಲ್ಲಿ ಬೆಲ್ಟ್ ಹೋದರೆ ವಾಲ್ವು ಪಿಸ್ಟನ್ನಿಗೆ ಗುದ್ದುತ್ತದೆ. ಬೆಲ್ಟ್ ಬದಲಿಸುವಾಗ ಆ ಎರಡೂ ಸೀಲುಗಳನ್ನು ಜೊತೆಯಲ್ಲೇ ಬದಲಿಸಿ ಅನ್ನುವುದು ಅದಕ್ಕೇ.

ಇನ್ನು ಕೆಂಪು ದೀಪ. “ಲೈಟ್ ಬಂದಾಗ ಹಾಕಿದ್ರಾಯ್ತು” ಅನ್ನುವವರು ಅದನ್ನು ಪೆಟ್ರೋಲ್ ಮುಳ್ಳಿನ ಹಾಗೆ ಅಂದುಕೊಂಡಿದ್ದಾರೆ. ಹಳೇ ಗಾಡಿಗಳಲ್ಲಿ ಅದು ಆಯಿಲ್ ಮಟ್ಟ ತೋರಿಸುವುದೇ ಇಲ್ಲ, ಒತ್ತಡ ಕುಸಿದಿದ್ದನ್ನು ತೋರಿಸುತ್ತದೆ. ಓಡುವಾಗ ಹತ್ತಿಕೊಂಡರೆ ಬೇರಿಂಗ್ ಆಗಲೇ ಒಣಗುತ್ತಿದೆ ಅಂತ ಅರ್ಥ. ಮುಂದಿನ ಬಂಕಿನವರೆಗೆ ಹೋಗುವ ಮಾತೇ ಇಲ್ಲ, ಅಲ್ಲೇ ಆಫ್ ಮಾಡಬೇಕು. ಮಟ್ಟ ತಿಳಿಯಲು ಡಿಪ್‌ಸ್ಟಿಕ್ ಒಂದೇ ದಾರಿ. ಸಮತಟ್ಟಾದ ಜಾಗದಲ್ಲಿ, ಇಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ, ಒಮ್ಮೆ ಒರೆಸಿ ಮತ್ತೆ ಅದ್ದಿ ನೋಡಬೇಕು.

ರಿಪೇರಿಯಲ್ಲಿ ಇಳಿಸಿದ ಕರಿ ಆಯಿಲ್ಲನ್ನು ಗೆದ್ದಲಿಗೆ, ಬೇಲಿ ಗೂಟಕ್ಕೆ, ಧೂಳು ಕೂರಲೆಂದು ಅಂಗಳಕ್ಕೆ ಸುರಿಯುವ ರೂಢಿ ನಮ್ಮ ಕಡೆ ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಲೆಕ್ಕದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಸೀಸ, ಸತುವಿನಂಥ ಲೋಹಗಳು ಅದರಲ್ಲಿ ಸೇರಿರಬಹುದು. ಮೋರಿಗೆ ಬಿಟ್ಟರೆ ಈ ಸೀಮೆಯ ನೀರೆಲ್ಲ ಕೊನೆಗೆ ಸೇರುವುದು ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ. ಖಾಲಿ ಕ್ಯಾನಿಗೆ ತುಂಬಿ, ನೀರು ಬೆರೆಸದೆ, ಅನುಮತಿ ಇರುವ ಮರುಬಳಕೆದಾರರಿಗೆ ಆಯಿಲ್ ಕೊಡುವ ಸರ್ವೀಸ್ ಸೆಂಟರಿಗೆ ಒಪ್ಪಿಸಿ. ಹೊಸ ಪ್ಯಾಕಿಂಗ್ ಹಾಕಿದ ರಾತ್ರಿ ಗಾಡಿ ಕೆಳಗೆ ಇನ್ನೊಂದು ಹೊಸ ರಟ್ಟು ಹಾಸುವುದನ್ನೂ ಮರೆಯಬೇಡಿ.